ಯಂತ್ರದ ಹೊಟ್ಟೆಯಲ್ಲಿ ಕನ್ನಡ ಎಷ್ಟು?

(ತಲಘಟ್ಟಪುರದಲ್ಲಿ ರಾಜ್ಯೋತ್ಸವದ ಪ್ರಯುಕ್ತ ಸೇರಿದ್ದ ಯುವಕರ ಸಭೆಯಲ್ಲಿ ಸ್ಥಳೀಯ ಮುದ್ರಣಾಲಯದ ಮಾಲೀಕರೊಬ್ಬರು ಮಾಡಿದ ಭಾಷಣ)



ನಾನು ಭಾಷಣಕಾರ ಅಲ್ಲ. ಭಾಷಣಕಾರರ ಹೆಸರನ್ನು ಕರಪತ್ರದಲ್ಲಿ ದಪ್ಪಕ್ಷರದಲ್ಲಿ ಅಚ್ಚು ಹಾಕುವವನು. ಇವತ್ತಿನ ಕಾರ್ಯಕ್ರಮದ ಕರಪತ್ರವೂ ನಮ್ಮ ಪ್ರೆಸ್ಸಿನದೇ. ಅದರ ದುಡ್ಡು ಇನ್ನೂ ಬಂದಿಲ್ಲ, ಅದು ಬೇರೆ ಮಾತು. 'ತಂತ್ರಜ್ಞಾನ ಮತ್ತು ಶಿಕ್ಷಣದ ಭವಿಷ್ಯ' ಎಂಬ ವಿಷಯದ ಮೇಲೆ ನೀವೇ ಮಾತಾಡಬೇಕು ಅಂತ ಹುಡುಗರು ಹಟ ಹಿಡಿದರು. ನಾನು ಓದಿರುವುದು ಪಿಯುಸಿ. ಪ್ರೊಫೆಸರುಗಳು ಮಾತಾಡಬೇಕಾದ ವಿಷಯ ಇದು. ಆದರೆ ಯೋಚನೆ ಮಾಡಿದ ಮೇಲೆ ನನಗೂ ಹೇಳುವುದು ಒಂದಿದೆ ಅನ್ನಿಸಿತು. ಒಂದು ತಪ್ಪನ್ನೂ ಒಪ್ಪಿಕೊಳ್ಳಬೇಕಾಗಿದೆ. ಅದಕ್ಕೇ ಬಂದೆ.

ನಮ್ಮ ತಲಘಟ್ಟಪುರ ನಿಮಗೆ ಗೊತ್ತು. ನಾವು ಚಾಮರಾಜಪೇಟೆಯ ಬಾಡಿಗೆ ತಡೆಯಲಾರದೆ ಇಲ್ಲಿಗೆ ಪ್ರೆಸ್ ತಂದಾಗ ಕನಕಪುರ ರಸ್ತೆಯ ಎರಡೂ ಕಡೆ ತೋಟ ಇತ್ತು, ರೇಷ್ಮೆ ಸಂಶೋಧನಾ ಸಂಸ್ಥೆಯ ಹಿಪ್ಪುನೇರಳೆ ಇತ್ತು. 2021ರ ಜನವರಿಯಲ್ಲಿ ಮೆಟ್ರೊ ಬಂತು. ಈಗ ಅಪಾರ್ಟ್‌ಮೆಂಟು, ಅದರ ಪಕ್ಕದಲ್ಲಿ ಇಂಟರ್‌ನ್ಯಾಷನಲ್ ಶಾಲೆ. ಆ ಶಾಲೆಗಳಲ್ಲಿ ಕರಿಹಲಗೆ ಇಲ್ಲ, ಗೋಡೆಯಷ್ಟು ದೊಡ್ಡ ಟಿವಿ ಇದೆ. ಮಕ್ಕಳ ಕೈಯಲ್ಲಿ ಟ್ಯಾಬು. ಅಲ್ಲಿಂದ ಕೂಗಳತೆಯಲ್ಲಿ ನಮ್ಮ ಸರ್ಕಾರಿ ಶಾಲೆಯ ಮಕ್ಕಳೂ ಇದ್ದಾರೆ. ಅವರ ಮನೆಯಲ್ಲೂ ಈಗ ಒಂದು ಸ್ಮಾರ್ಟ್‌ಫೋನ್ ಇದೆ. ಫೋನಿನಲ್ಲಿ ಕೇಳಿದ್ದಕ್ಕೆಲ್ಲ ಉತ್ತರ ಹೇಳುವ ಯಂತ್ರ ಬಂದಿದೆ, ಕೃತಕ ಬುದ್ಧಿಮತ್ತೆ ಅಂತೀರಲ್ಲ ಅದು. ಬಡವ ಬಲ್ಲಿದ ಎಂಬ ಭೇದವಿಲ್ಲದೆ ಎಲ್ಲ ಮಕ್ಕಳಿಗೂ ಮನೆಯಲ್ಲೇ ಮೇಷ್ಟ್ರು ಸಿಕ್ಕಿದ ಹಾಗಾಯಿತು ಅಂತ ಪೇಪರಿನಲ್ಲಿ ಬರೆಯುತ್ತಾರೆ. ಸಂತೋಷ. ಆದರೆ ನನ್ನ ಪ್ರೆಸ್ಸಿನಲ್ಲಿ ನಾನು ಕಣ್ಣಾರೆ ಕಂಡದ್ದನ್ನು ಹೇಳುತ್ತೇನೆ, ಕೇಳಿ.

ನನಗೆ ಒಬ್ಬಳು ಮಗಳು, ಒಂಬತ್ತನೇ ಕ್ಲಾಸು. ನಮ್ಮ ಮಷೀನ್‌ಮನ್‌ನ ಮಗನೂ ಒಂಬತ್ತನೇ ಕ್ಲಾಸು. ಅವರು ಯಾದಗಿರಿ ಕಡೆಯವರು. ಹುಡುಗ ಸರ್ಕಾರಿ ಪ್ರೌಢಶಾಲೆ, ಕನ್ನಡ ಮಾಧ್ಯಮ. ನನ್ನ ಮಗಳು ಯಾವ ಮಾಧ್ಯಮ ಅಂತ ನೀವು ಕೇಳುವ ಮೊದಲೇ ಹೇಳಿಬಿಡುತ್ತೇನೆ. ಇಂಗ್ಲಿಷ್ ಮೀಡಿಯಂ. ನಗಬೇಡಿ. ಇಲ್ಲಿ ಕುಳಿತಿರುವ ಎಷ್ಟು ಜನರ ಮಕ್ಕಳು ಕನ್ನಡ ಮಾಧ್ಯಮದಲ್ಲಿದ್ದಾರೆ, ಕೈ ಎತ್ತಿ ನೋಡೋಣ... ಸರಿ, ಇಳಿಸಿ. ನಮ್ಮಪ್ಪ 1982ರಲ್ಲಿ ಗೋಕಾಕ್ ಚಳವಳಿಯ ಕರಪತ್ರಗಳನ್ನು ಟ್ರೆಡಲ್ ಮಷೀನಿನಲ್ಲಿ ರಾತ್ರಿಯಿಡೀ ಕಾಲಲ್ಲಿ ತುಳಿದು ಅಚ್ಚು ಹಾಕಿದವರು. ಅವರ ಮೊಮ್ಮಗಳು ಇಂಗ್ಲಿಷ್ ಮೀಡಿಯಂ. ಇದು ನನ್ನ ಮನೆಯ ಕಥೆ. ಮುಚ್ಚಿಟ್ಟು ನಿಮ್ಮ ಮುಂದೆ ವೀರಾವೇಶ ಮಾಡಲು ನನಗೆ ನಾಚಿಕೆ.

ಒಂದು ಸಂಜೆ ಇಬ್ಬರೂ ಪ್ರೆಸ್ಸಿನ ಕಟಿಂಗ್ ಟೇಬಲ್ ಮೇಲೆ ಓದುತ್ತ ಕೂತಿದ್ದರು. ಇಬ್ಬರಿಗೂ ಒಂದೇ ಪಾಠ, ವಿಜ್ಞಾನದಲ್ಲಿ 'ಚಲನೆ'. ಇಂಗ್ಲಿಷಿನಲ್ಲಿ ಸ್ಪೀಡ್ ಬೇರೆ, ವೆಲಾಸಿಟಿ ಬೇರೆ. ನಮ್ಮ ಕನ್ನಡ ಪಠ್ಯಪುಸ್ತಕದಲ್ಲಿ ಇದಕ್ಕೆ ಎಷ್ಟು ಚೆಂದದ ಪದಗಳಿವೆ ಗೊತ್ತೇ? ಸ್ಪೀಡ್‌ಗೆ ಜವ. ವೆಲಾಸಿಟಿಗೆ ವೇಗ. ಆಕ್ಸಿಲರೇಷನ್‌ಗೆ ವೇಗೋತ್ಕರ್ಷ. ದಿಕ್ಕಿನ ಲೆಕ್ಕವಿಲ್ಲದೆ ಎಷ್ಟು ಬೇಗ ಹೋಯಿತು ಎಂಬುದು ಜವ, ಯಾವ ದಿಕ್ಕಿಗೆ ಎಷ್ಟು ಬೇಗ ಎಂಬುದು ವೇಗ. ಹಳೆಯ ಮೇಷ್ಟ್ರುಗಳು ತಲೆ ಕೆಡಿಸಿಕೊಂಡು ಆರಿಸಿಟ್ಟ ಪದಗಳು.

ಮಗಳು ಫೋನಿನಲ್ಲಿ ಇಂಗ್ಲಿಷಿನಲ್ಲಿ ಕೇಳಿದಳು. ಯಂತ್ರ ಉದಾಹರಣೆ, ಲೆಕ್ಕ, ಚಿತ್ರ ಎಲ್ಲ ಕೊಟ್ಟು ಅರಳು ಹುರಿದಂತೆ ಹೇಳಿತು. ಅವಳು ಮುಗಿಸಿ ಎದ್ದಳು. ಹುಡುಗ ಅದೇ ಫೋನ್ ಇಸಕೊಂಡು ಕನ್ನಡದಲ್ಲಿ ಕೇಳಿದ, 'ಜವ ಎಂದರೇನು?' ಯಂತ್ರ ಏನು ಹೇಳಿತು ಗೊತ್ತೇ? ಜವ ಎಂದರೆ ಯಮಧರ್ಮ, ಸಾವಿನ ಅಧಿದೇವತೆ ಅಂತ! ಹುಡುಗ ನನ್ನ ಮುಖ ನೋಡಿದ. ಅದು ಸುಳ್ಳೂ ಅಲ್ಲ, ಜವರಾಯ ಅಂತೀವಲ್ಲ. ಪಾಪ, ಅವನು ಕೇಳಿದ್ದು ಒಂಬತ್ತನೇ ಕ್ಲಾಸಿನ ಪರೀಕ್ಷೆಗೆ. ಇನ್ನೊಂದು ಸಲ ಬಿಡಿಸಿ ಕೇಳಿದಾಗ ಸ್ಪೀಡ್‌ಗೂ ವೇಗ ಅಂತು, ವೆಲಾಸಿಟಿಗೂ ವೇಗ ಅಂತು. ವೇಗಕ್ಕೂ ವೇಗಕ್ಕೂ ಏನು ವ್ಯತ್ಯಾಸ ಅಂತ ಹುಡುಗ ಏನು ಬರೆಯಬೇಕು? ಕೊನೆಗೆ ಫೋನ್ ಕೆಳಗಿಟ್ಟು ಒಂದು ಮಾತು ಹೇಳಿದ. 'ಅಂಕಲ್, ಕನ್ನಡದಾಗ ಕೇಳಿದ್ರ ಇದಕ್ಕ ಬರಂಗಿಲ್ರಿ. ಅಕ್ಕ ಕೇಳಿದಂಗ ಇಂಗ್ಲಿಷ್‌ನಾಗ ಕೇಳಾಕ ನನಗ ಬರಂಗಿಲ್ಲ.'

ಆಮೇಲೆ ಗೆಳೆಯರೊಬ್ಬರ ಫೋನಿನಲ್ಲಿ ಬೇರೊಂದು ಯಂತ್ರವನ್ನು ಕೇಳಿದೆವು. ಅದು ಸರಿಯಾಗಿಯೇ ಹೇಳಿತು. ಸುಮ್ಮನೆ ದೂರಬಾರದು. ಈ ಯಂತ್ರಗಳು ತಿಂಗಳಿಂದ ತಿಂಗಳಿಗೆ ತಿದ್ದಿಕೊಳ್ಳುತ್ತಿವೆ. ಆದರೆ ನನ್ನ ತಲೆಯೊಳಗೆ ಹುಳ ಬಿಟ್ಟ ಪ್ರಶ್ನೆ ಬೇರೆ. ಜವ ಎಂಬ ಪದ ಲಕ್ಷಾಂತರ ಪಠ್ಯಪುಸ್ತಕಗಳಲ್ಲಿ ಅಚ್ಚಾಗಿದೆ, ಗೈಡುಗಳಲ್ಲಿ, ಪ್ರಶ್ನೆಪತ್ರಿಕೆಗಳಲ್ಲಿ ಅಚ್ಚಾಗಿದೆ. ನಾನೇ ಅಚ್ಚು ಹಾಕಿದ್ದೇನೆ. ಪ್ರಪಂಚದ ಪುಸ್ತಕವನ್ನೆಲ್ಲ ಓದಿದೆ ಅನ್ನುವ ಯಂತ್ರದ ಕಣ್ಣಿಗೆ ಇದು ಬೀಳಲಿಲ್ಲ ಯಾಕೆ?

ಉತ್ತರ ನನ್ನ ಬೀರುವಿನಲ್ಲೇ ಇತ್ತು. ಅದನ್ನು ಹೇಳುವ ಮೊದಲು ಸ್ವಲ್ಪ ಹಿಂದಕ್ಕೆ ಹೋಗೋಣ.

ಶಾಲೆಗೆ ಯಂತ್ರ ಬರುವುದು ಹೊಸದಲ್ಲ. ನಮ್ಮ ಕರ್ನಾಟಕಕ್ಕೆ ಅದು ಮೂರ್ನಾಲ್ಕು ಸಲ ಬಂದು ಹೋಗಿದೆ. 1975ರ ಆಗಸ್ಟಿನಲ್ಲಿ, ಬೆಂಗಳೂರಿಗೇ ಇನ್ನೂ ಟಿವಿ ಬಂದಿರದ ಕಾಲದಲ್ಲಿ, ರಾಯಚೂರು, ಗುಲ್ಬರ್ಗಾ, ಬಿಜಾಪುರ ಜಿಲ್ಲೆಗಳ ಹಳ್ಳಿಗಳಿಗೆ ಉಪಗ್ರಹದಿಂದ ಕನ್ನಡದಲ್ಲಿ ಪಾಠ ಬಂತು. ದೇಶದ ಆರು ರಾಜ್ಯಗಳ 2,400 ಹಳ್ಳಿಗಳಲ್ಲಿ ಆ ಪ್ರಯೋಗ ನಡೆಯಿತು, ಸೈಟ್ ಅಂತ ಅದರ ಹೆಸರು. ಬೆಳಿಗ್ಗೆ ಶಾಲೆಯ ಮಕ್ಕಳಿಗೆ, ಸಂಜೆ ರೈತರಿಗೆ. ಒಂದು ವರ್ಷ ನಡೆಯಿತು. 1976ರ ಜುಲೈ ಮುಗಿಯಿತು, ನಿಂತುಹೋಯಿತು. ಯಾಕೆ? ಉಪಗ್ರಹ ಅಮೆರಿಕದ್ದು. ಒಂದು ವರ್ಷಕ್ಕೆ ಎರವಲು ಕೊಟ್ಟಿದ್ದರು, ಅವಧಿ ಮುಗಿಯಿತು, ಎಳಕೊಂಡು ಹೋದರು. ಮುಂದೆ 2004ರ ಸೆಪ್ಟೆಂಬರ್ 20ರಂದು ನಮ್ಮ ಇಸ್ರೋದವರೇ ಶಿಕ್ಷಣಕ್ಕೆಂದೇ ಎಜುಸ್ಯಾಟ್ ಹಾರಿಸಿದರು. ಚಾಮರಾಜನಗರ ಜಿಲ್ಲೆಯ ನೂರಾರು ಪ್ರಾಥಮಿಕ ಶಾಲೆಗಳ ಮಾಳಿಗೆ ಮೇಲೆ ಡಿಶ್ ಕೂತಿತು. 2010ರಲ್ಲಿ ಆ ಉಪಗ್ರಹದ ಆಯುಸ್ಸೂ ಮುಗಿಯಿತು. ಆಮೇಲೆ 2020, ಕೊರೊನಾ. ಶಾಲೆ ಬಾಗಿಲು ಮುಚ್ಚಿತು. ಚಂದನ ವಾಹಿನಿಯಲ್ಲಿ 'ಸಂವೇದ' ಪಾಠ ಬಂತು. ಮೇಷ್ಟ್ರುಗಳು ದೇವಸ್ಥಾನದ ಜಗಲಿ, ಮರದ ನೆರಳು ಅಂತ ಮಕ್ಕಳಿದ್ದ ಕಡೆಗೇ ಹೋಗಿ 'ವಿದ್ಯಾಗಮ' ಮಾಡಿದರು. ಆಗ ನಮ್ಮ ಮಷೀನ್‌ಮನ್ ಮನೆಯಲ್ಲಿ ಇದ್ದದ್ದು ಒಂದೇ ಫೋನ್. ಅಪ್ಪ ಕೆಲಸಕ್ಕೆ ಬಂದರೆ ಫೋನೂ ಕೆಲಸಕ್ಕೆ ಬರುತ್ತಿತ್ತು. ಹುಡುಗ ನಾಲ್ಕನೇ ಕ್ಲಾಸನ್ನು ಹೇಗೆ ದಾಟಿದ ಅಂತ ದೇವರಿಗೇ ಗೊತ್ತು.

ಆ ಮೂರು ಸಲವೂ ಯಂತ್ರ ಬೇರೆಯವರದ್ದಾಗಿರಲಿ, ನಮ್ಮದಾಗಿರಲಿ, ಒಳಗಿನ ಪಾಠ ನಮ್ಮದಿತ್ತು. ಕನ್ನಡದ ಮೇಷ್ಟ್ರು ಕ್ಯಾಮೆರಾ ಮುಂದೆ ನಿಂತು ಕನ್ನಡದಲ್ಲಿ ಹೇಳಿದ್ದೇ ಮಕ್ಕಳ ಕಿವಿಗೆ ಬೀಳುತ್ತಿತ್ತು. ಈ ಸಲ ಹಾಗಲ್ಲ. ಈಗಿನ ಯಂತ್ರಕ್ಕೆ ಯಾರೂ ಪಾಠ ಬರೆದುಕೊಡುವುದಿಲ್ಲ. ಅದು ತಾನೇ ಕೋಟಿಗಟ್ಟಲೆ ಪುಟ ಓದಿ, ಯಾವ ಪದದ ಹಿಂದೆ ಯಾವ ಪದ ಬರುತ್ತದೆ ಅಂತ ರೂಢಿ ಮಾಡಿಕೊಂಡು ಮಾತಾಡುತ್ತದೆ. ಓದಿದ್ದನ್ನು ಕಲಿಯುತ್ತದೆ, ಓದದ್ದನ್ನು ಊಹಿಸುತ್ತದೆ. ಇಂಟರ್‌ನೆಟ್ಟಿನಲ್ಲಿ ಇರುವ ಬರಹದಲ್ಲಿ ಕನ್ನಡ ನೂರಕ್ಕೆ ಒಂದು ಭಾಗವೂ ಇಲ್ಲ. ಅಂಗಡಿ ಬೋರ್ಡಿನಲ್ಲಿ ನೂರಕ್ಕೆ 60 ಭಾಗ ಕನ್ನಡ ಇರಲೇಬೇಕು ಅಂತ ಬೀದಿಗಿಳಿದಿರಿ. 2024ರಲ್ಲಿ ಕಾಯ್ದೆಯೂ ಆಯಿತು. ಬೋರ್ಡಿನ ಮೇಲೆ 60, ಯಂತ್ರದ ಹೊಟ್ಟೆಯಲ್ಲಿ ಒಂದೂ ಇಲ್ಲ! ಬೋರ್ಡು ನೋಡುವುದು ಸಾಮಾನು ಕೊಳ್ಳುವವರು. ಯಂತ್ರದ ಮುಂದೆ ಕೂರುವುದು ಮಕ್ಕಳು.

ಈಗ ನನ್ನ ಬೀರು. ನಮ್ಮಪ್ಪನ ಕಾಲದಲ್ಲಿ ಸೀಸದ ಮೊಳೆ. ಇಂಗ್ಲಿಷಿಗೆ ದೊಡ್ಡಕ್ಷರ ಚಿಕ್ಕಕ್ಷರ ಅಂತ ಎರಡು ಕೇಸು ಸಾಕು. ಕನ್ನಡಕ್ಕೆ ಅಕ್ಷರ ಬೇರೆ, ಕಾಗುಣಿತ ಬೇರೆ, ಒತ್ತು ಬೇರೆ, ನೂರಾರು ಮನೆಗಳು. ಕಣ್ಣು ಮುಚ್ಚಿಕೊಂಡು ಕೈ ಸರಿಯಾದ ಮನೆಗೆ ಹೋಗಬೇಕು, ಹಾಗಾದರೇ ಅವನು ಕಂಪೋಸಿಟರ್. 1843ರಲ್ಲಿ ಮಂಗಳೂರಿನಲ್ಲಿ ಬಾಸೆಲ್ ಮಿಷನ್ನಿನವರು 'ಮಂಗಳೂರು ಸಮಾಚಾರ' ಹೊರಡಿಸಿದ್ದು ಕಲ್ಲಚ್ಚಿನಲ್ಲಿ. ಆಮೇಲೆ ಮೊಳೆ ಎರಕ ಹೊಯ್ದರು, 1894ರಲ್ಲಿ ಕಿಟೆಲ್ ಸಾಹೇಬರ ನಿಘಂಟು ಅಚ್ಚು ಹಾಕಿದರು. ಹೊರಗಿನಿಂದ ಬಂದವರು ಕೂತು ನಮ್ಮ ಅಕ್ಷರಕ್ಕೆ ಮೊಳೆ ಮಾಡಿದರು ಎಂಬುದನ್ನು ಮರೆಯಬೇಡಿ.

ನಾನು ಪಿಯುಸಿ ಮುಗಿಸಿ ಪ್ರೆಸ್ಸಿಗೆ ಕೂತಾಗ ಮೊಳೆ ಗುಜರಿಗೆ ಹೋಗಿತ್ತು. ಡಿಟಿಪಿ ಬಂದಿತ್ತು. ಪೇಜ್‌ಮೇಕರ್, ಅದರೊಳಗೆ ಶ್ರೀಲಿಪಿ, ಆಕೃತಿ, ಪ್ರಕಾಶಕ್. ಅದೇ 1998ರಲ್ಲಿ ಶೇಷಾದ್ರಿವಾಸು ಅವರ 'ಬರಹ' ಬಂತು. ಆಮೇಲೆ ಕನ್ನಡ ಗಣಕ ಪರಿಷತ್ತಿನ 'ನುಡಿ' ಬಂತು. ಕೆ.ಪಿ. ರಾವ್ ಅವರು ರೂಪಿಸಿದ ಕೀಲಿಮಣೆ ಕಲಿತೆ, ಇವತ್ತಿಗೂ ನನ್ನ ಬೆರಳು ಅದರ ಮೇಲೇ ಓಡುತ್ತದೆ. ಇವರೆಲ್ಲ ಕನ್ನಡಕ್ಕೆ ಮಾಡಿದ ಉಪಕಾರ ದೊಡ್ಡದು. ಇವರಿಲ್ಲದಿದ್ದರೆ ಕಂಪ್ಯೂಟರಿನಲ್ಲಿ ಕನ್ನಡದ ಪುಸ್ತಕವೇ ಅಚ್ಚಾಗುತ್ತಿರಲಿಲ್ಲ.

ಆದರೆ ಅಂದಿನ ಅಕ್ಷರಗಳಲ್ಲಿ ಒಂದು ಮೋಸ ಇತ್ತು. ಮೋಸ ಅಂದರೆ ಯಾರೂ ಬೇಕೆಂದು ಮಾಡಿದ್ದಲ್ಲ, ಆ ಕಾಲದಲ್ಲಿ ಬೇರೆ ದಾರಿ ಇರಲಿಲ್ಲ. ಕಂಪ್ಯೂಟರಿಗೆ ಇಂಗ್ಲಿಷ್ ಅಕ್ಷರ ಮಾತ್ರ ಗೊತ್ತು. ಅದಕ್ಕೆ ನಮ್ಮವರು ಇಂಗ್ಲಿಷ್ ಅಕ್ಷರಕ್ಕೆ ಕನ್ನಡದ ಮುಖವಾಡ ಹಾಕಿದರು. ನುಡಿಯಲ್ಲಿ 'ಕ' ಅಂತ ಹೊಡೆದರೆ ಪರದೆಯ ಮೇಲೆ ಕ ಕಾಣುತ್ತದೆ, ಕಾಗದದ ಮೇಲೂ ಕ. ಕಂಪ್ಯೂಟರಿನ ಒಳಗೆ ಮಾತ್ರ ಇಂಗ್ಲಿಷಿನ ಪಿ ಅಕ್ಷರ, ಅದರ ಪಕ್ಕ ತಲೆಯ ಮೇಲೆ ಗೆರೆ ಇರುವ ಒಂದು ಎ. ಪಿ ಅಂದರೆ ಕ ಅಕ್ಷರದ ಮೈ, ಗೆರೆಯ ಎ ಅಂದರೆ ತಲೆಕಟ್ಟು! ಫಾಂಟು ತೆಗೆದುಬಿಟ್ಟರೆ ಇಡೀ ಪುಸ್ತಕ ಯಾವುದೋ ದೇಶದ ಗೂಢಲಿಪಿ. ಒಂದು ಕಂಪನಿಯ ಫಾಂಟಿನದ್ದು ಇನ್ನೊಂದು ಕಂಪನಿಗೆ ಅರ್ಥವಾಗುವುದಿಲ್ಲ. ಮನುಷ್ಯರ ಕಣ್ಣಿಗೆ ಕನ್ನಡ, ಯಂತ್ರದ ಕಣ್ಣಿಗೆ ಕಸ.

ಇದಕ್ಕೆ ಮದ್ದು ಬಹಳ ಹಿಂದೆಯೇ ಬಂದಿತ್ತು. ಯೂನಿಕೋಡ್ ಅಂತ. ಪ್ರಪಂಚದ ಪ್ರತಿ ಲಿಪಿಗೂ ಅದರದ್ದೇ ಆದ ಮನೆ ನಂಬರು. 1991ರ ಮೊದಲ ಆವೃತ್ತಿಯಲ್ಲೇ ಕನ್ನಡಕ್ಕೆ 128 ಮನೆಗಳ ಒಂದು ಬೀದಿ ಕೊಟ್ಟಿದ್ದಾರೆ. ಆ ಬೀದಿಯಲ್ಲಿ ಕ ಅಂದರೆ ಕ, ಅಮೆರಿಕದಲ್ಲಿ ತೆರೆದರೂ ಕ, ಫೋನಿನಲ್ಲಿ ತೆರೆದರೂ ಕ. 2001ರ ವಿಂಡೋಸ್ ಎಕ್ಸ್‌ಪಿಯಿಂದ ಅದು ನಮ್ಮ ಟೇಬಲ್ಲಿಗೂ ಬಂತು. ನಾವು ಪ್ರೆಸ್ಸಿನವರು ಬಳಸಿದೆವಾ? ಇಲ್ಲ. ಪೇಜ್‌ಮೇಕರಿನಲ್ಲಿ ಯೂನಿಕೋಡ್ ಹಾಕಿದರೆ ಒತ್ತಕ್ಷರ ಒಡೆದು ಸಾಲು ತುಂಬ ಚೆಲ್ಲಾಡುತ್ತಿತ್ತು. ಫಾಂಟುಗಳೂ ಕಡಿಮೆ. ಮದುವೆ ಪತ್ರಿಕೆಗೆ ಗಿರಾಕಿ ಕೇಳುವ ಬಳ್ಳಿ ಬಳ್ಳಿ ಅಕ್ಷರ ಇರಲಿಲ್ಲ. ಅದು ನಿಜವಾದ ಕಷ್ಟವೇ. ಆದರೆ 2012ರಿಂದ ಇನ್‌ಡಿಸೈನಿನಲ್ಲಿ ಒತ್ತಕ್ಷರ ಸರಿಯಾಗಿ ಕೂರುತ್ತಿದೆ. ಗುಬ್ಬಿ, ನವಿಲು ಅಂತ ಪುಕ್ಕಟೆ ಫಾಂಟುಗಳಿವೆ, ಇನ್ನೂ ಎಷ್ಟೋ ಬಂದಿವೆ. ಆಮೇಲೂ ನಾನು ಬದಲಾಗಲಿಲ್ಲ. ಹಳೇ ಫಾಂಟಿಗೆ ಕೈ ಒಗ್ಗಿತ್ತು, ಹಳೇ ಫೈಲು ತೆಗೆದು ಇಸವಿ ಬದಲಾಯಿಸಿದರೆ ಹೊಸ ವರ್ಷದ ಗೈಡು ತಯಾರು. ಸೋಮಾರಿತನ! ಬೇರೆ ಹೆಸರು ಬೇಡ.

ಇನ್ನೂ ಒಂದು ಪಾಪ ಇದೆ. ಯೂನಿಕೋಡಿನಲ್ಲಿ ಹೊಡೆಯುವಾಗಲೂ ನಮ್ಮ ಡಿಟಿಪಿ ಹುಡುಗರು ಒಂದು ಕಳ್ಳದಾರಿ ಹಿಡಿಯುತ್ತಾರೆ. 'ವರ್ಷ' ಬರೆಯಬೇಕಾದ ಕಡೆ 'ವಷ' ಬರೆದು ಪಕ್ಕದಲ್ಲಿ ಕನ್ನಡದ ಒಂಬತ್ತರ ಅಂಕಿ ಹೊಡೆಯುತ್ತಾರೆ, ನೋಡಲು ಅರ್ಕಾವತ್ತಿನ ಹಾಗೇ ಕಾಣುತ್ತದೆ. ಸೊನ್ನೆಯ ಬಿಂದುವಿಗೆ ಸೊನ್ನೆಯ ಅಂಕಿ ಹೊಡೆಯುತ್ತಾರೆ. ಕಣ್ಣಿಗೆ ವ್ಯತ್ಯಾಸ ಗೊತ್ತಾಗುವುದಿಲ್ಲ. ಯಂತ್ರಕ್ಕೆ ಅದು ವರ್ಷ ಅಲ್ಲ, 'ವಷ ಒಂಬತ್ತು'. ಹುಡುಕಿದರೆ ಸಿಗುವುದಿಲ್ಲ, ಓದಿಸಿದರೆ ಒದರುತ್ತದೆ.

ಆ ರಾತ್ರಿ ಹುಡುಗ ಮನೆಗೆ ಹೋದ ಮೇಲೆ ನಾನು ಬೀರು ತೆಗೆದೆ. ಎರಡು ಬೀರು ತುಂಬ ಸಿ.ಡಿ.ಗಳು, ಹಳೇ ಹಾರ್ಡ್‌ಡಿಸ್ಕುಗಳು. ಇಪ್ಪತ್ತೈದು ವರ್ಷ ನಮ್ಮ ಪ್ರೆಸ್ಸಿನಲ್ಲಿ ಅಚ್ಚಾದ ಗೈಡು, ಪ್ರಶ್ನೆಪತ್ರಿಕೆ, ಶಾಲಾ ಸಂಚಿಕೆ, ಒಬ್ಬ ನಿವೃತ್ತ ಮೇಷ್ಟ್ರು ಸ್ವಂತ ದುಡ್ಡಿನಲ್ಲಿ ಮಾಡಿಸಿದ್ದ ಭೌತಶಾಸ್ತ್ರದ ಪುಸ್ತಕ. ಆ ಪುಸ್ತಕದಲ್ಲಿ ಜವದ ಮೇಲೆ ಒಂದು ಪೂರ್ತಿ ಪಾಠ ಇದೆ. ಎತ್ತಿನಗಾಡಿ, ಸೈಕಲ್ಲು, ಬಿಟಿಎಸ್ ಬಸ್ಸು ಇಟ್ಟುಕೊಂಡು ಎಷ್ಟು ಚೆನ್ನಾಗಿ ಬರೆದಿದ್ದಾರೆ ಅಂತೀರಿ! ಪಿಡಿಎಫ್ ತೆರೆದು ಒಂದು ಸಾಲು ಕಾಪಿ ಮಾಡಿ ಫೋನಿಗೆ ಹಾಕಿದೆ. ಕಂಡದ್ದು ಪಿ, ಗೆರೆಯ ಎ, ಪೌಂಡಿನ ಚಿಹ್ನೆ. ಮೇಷ್ಟ್ರು ತೀರಿಹೋಗಿ ಹತ್ತು ವರ್ಷವಾಯಿತು. ಪುಸ್ತಕದ ಪ್ರತಿ ಎಲ್ಲೂ ಇಲ್ಲ. ಉಳಿದಿರುವುದು ನನ್ನ ಸಿ.ಡಿ. ಒಂದೇ, ಅದೂ ಮುಖವಾಡದ ಕನ್ನಡದಲ್ಲಿ. ಕನ್ನಡ ವಿರೋಧಿಗಳು ಯಾರು ಅಂತ ನಾವು ಬೀದಿಯಲ್ಲಿ ಹುಡುಕುತ್ತೇವೆ. ಆ ರಾತ್ರಿ ನನ್ನ ಪ್ರೆಸ್ಸಿನೊಳಗೇ ಒಬ್ಬ ಕೂತಿದ್ದ.

ಇಲ್ಲಿ ಯಾರೋ ಹಿಂದಿನ ಸಾಲಿನಲ್ಲಿ ಹೇಳುತ್ತಿದ್ದಾರೆ, ಇಷ್ಟೆಲ್ಲ ಯಾಕೆ, ಹುಡುಗ ಇಂಗ್ಲಿಷ್ ಕಲಿತರೆ ಆಯಿತಲ್ಲ ಅಂತ. ಕಲಿಯಲಿ, ಬೇಡ ಅಂದವರು ಯಾರು? ಆದರೆ ಜವ ಅಂದರೇನು ಅಂತ ತಿಳಿದುಕೊಳ್ಳಲು ಅವನು ಮೊದಲು ಐದು ವರ್ಷ ಇಂಗ್ಲಿಷ್ ಕಲಿತು ಬರಬೇಕಾ? ಅಷ್ಟರಲ್ಲಿ ಅವನ ಶಾಲೆಯೇ ಮುಗಿದಿರುತ್ತದೆ. ಮಾಧ್ಯಮದ ವಿಷಯದಲ್ಲಿ 2014ರಲ್ಲಿ ಸುಪ್ರೀಂ ಕೋರ್ಟು ತೀರ್ಪು ಕೊಟ್ಟಿದೆ. ಮಾತೃಭಾಷೆಯಲ್ಲೇ ಕಲಿಸಿ ಅಂತ ಸರ್ಕಾರ ಖಾಸಗಿ ಶಾಲೆಗಳ ಮೇಲೆ ಹೇರುವ ಹಾಗಿಲ್ಲ. ತಂದೆತಾಯಿಗಳೇ ಆರಿಸುತ್ತಾರೆ. ಆರಿಸುವಾಗ ಅವರು ನೋಡುವುದು ಒಂದೇ, ಯಾವ ಭಾಷೆಯಲ್ಲಿ ಓದಿದರೆ ನನ್ನ ಮಗುವಿಗೆ ಹೆಚ್ಚು ಸಿಗುತ್ತದೆ? ನಾನೂ ಅದನ್ನೇ ನೋಡಿದೆ. ನೀಟ್ ಪರೀಕ್ಷೆ 2017ರಿಂದ ಕನ್ನಡದಲ್ಲೂ ಇದೆ. ಜೆಇಇ ಮೇನ್ 2021ರಿಂದ ಇದೆ. ಅದೇ 2021ರಲ್ಲಿ ಇಂಜಿನಿಯರಿಂಗನ್ನು ಕನ್ನಡದಲ್ಲಿ ಕಲಿಸಲು ಎಐಸಿಟಿಇ ಒಪ್ಪಿತು. ಬಾಗಿಲು ತೆಗೆದಿದೆ. ಒಳಗೆ ಹೋಗಿ ಓದಲು ಕನ್ನಡದಲ್ಲಿ ಏನು ಇಟ್ಟಿದ್ದೇವೆ? ಈಗ ಶಾಲೆಯೊಳಗೇ ಈ ಯಂತ್ರ ಬಂದು ಕೂತರೆ, ಇಂಗ್ಲಿಷಿನಲ್ಲಿ ಕೇಳಿದವರಿಗೆ ಪಂಚಭಕ್ಷ್ಯ, ಕನ್ನಡದಲ್ಲಿ ಕೇಳಿದವರಿಗೆ ಜವರಾಯ. ಉಳಿದಿರುವ ಕನ್ನಡ ಶಾಲೆಗಳೂ ಹತ್ತು ವರ್ಷದಲ್ಲಿ ಖಾಲಿಯಾಗುತ್ತವೆ. ಯಾವ ಸರ್ಕಾರದ ಆದೇಶವೂ ಬೇಕಿಲ್ಲ.

ಪಕ್ಕದ ರಾಜ್ಯಗಳನ್ನು ನೋಡಿ. ವಿಕಿಪೀಡಿಯ ಅಂತ ಇದೆ, ಯಾರು ಬೇಕಾದರೂ ಬರೆಯಬಹುದಾದ ವಿಶ್ವಕೋಶ. ಈ ಯಂತ್ರಗಳು ಮೊದಲು ಓದುವ ಪುಸ್ತಕಗಳಲ್ಲಿ ಅದೂ ಒಂದು. ಕನ್ನಡದ ವಿಕಿಪೀಡಿಯ 2003ರಲ್ಲೇ ಶುರುವಾಯಿತು. ಇವತ್ತು ಅದರಲ್ಲಿ ಮೂವತ್ತು ಸಾವಿರ ಚಿಲ್ಲರೆ ಲೇಖನ. ತಮಿಳಿನಲ್ಲಿ ಒಂದೂವರೆ ಲಕ್ಷ ದಾಟಿದೆ. ಅವರ ಜನಸಂಖ್ಯೆ ಹೆಚ್ಚು ಅನ್ನುತ್ತೀರಾ? ಹಾಗಾದರೆ ಮಲಯಾಳ ನೋಡಿ. 2011ರ ಜನಗಣತಿಯಲ್ಲಿ ಕನ್ನಡದವರು 4 ಕೋಟಿ 37 ಲಕ್ಷ, ಮಲಯಾಳದವರು 3 ಕೋಟಿ 48 ಲಕ್ಷ. ನಮಗಿಂತ ಹೆಚ್ಚುಕಡಿಮೆ ಒಂದು ಕೋಟಿ ಕಮ್ಮಿ. ಅವರ ಲೇಖನ ಎಂಬತ್ತು ಸಾವಿರದ ಮೇಲೆ! ಅವರನ್ನು ಬೈದು ಏನು ಪ್ರಯೋಜನ? ಅವರು ಕೂತು ಟೈಪ್ ಮಾಡಿದರು, ನಾವು ನಿಂತು ಘೋಷಣೆ ಕೂಗಿದೆವು. ಐಸ್‌ಲ್ಯಾಂಡ್ ಅಂತ ಒಂದು ದೇಶ. ಒಟ್ಟು ಜನ ನಾಲ್ಕು ಲಕ್ಷ ತುಂಬಿಲ್ಲ. ನಮ್ಮ ಬೆಂಗಳೂರು ದಕ್ಷಿಣ ವಿಧಾನಸಭಾ ಕ್ಷೇತ್ರದ ಮತದಾರರೇ ಅದಕ್ಕಿಂತ ಹೆಚ್ಚು. 2023ರಲ್ಲಿ ಆ ದೇಶದವರು ಚಾಟ್‌ಜಿಪಿಟಿ ಮಾಡಿದ ಕಂಪನಿಯ ಜೊತೆ ಮಾತಾಡಿ, ತಮ್ಮ ಜನರನ್ನೇ ಕೂರಿಸಿ, ಯಂತ್ರಕ್ಕೆ ತಮ್ಮ ಭಾಷೆ ತಿದ್ದಿ ಕಲಿಸಿದರು. ನಾಲ್ಕು ಲಕ್ಷ ಜನ!

ನಮ್ಮಲ್ಲೂ ಗಂಡೆದೆಯವರು ಇಲ್ಲ ಅಂತಲ್ಲ. ವಿ. ಕೃಷ್ಣ ಅಂತ ಒಬ್ಬರು ಸುಮಾರು ನಾಲ್ಕು ದಶಕ ಒಬ್ಬರೇ ಕೂತು ಕನ್ನಡ-ಇಂಗ್ಲಿಷ್ ನಿಘಂಟು ಕಟ್ಟಿದರು. ಒಂದೂವರೆ ಲಕ್ಷಕ್ಕೂ ಹೆಚ್ಚು ಪದ. 2019ರಲ್ಲಿ 'ಅಲರ್' ಎಂಬ ಹೆಸರಿನಲ್ಲಿ ಅದು ಇಂಟರ್‌ನೆಟ್ಟಿಗೆ ಬಂತು. ಯಾರು ಬೇಕಾದರೂ ಪುಕ್ಕಟೆ ಬಳಸಬಹುದು, ಎಲ್ಲ ಯೂನಿಕೋಡಿನಲ್ಲಿ. 'ವಚನ ಸಂಚಯ'ದವರು ಸಾವಿರಾರು ವಚನಗಳನ್ನು ಹುಡುಕಿದರೆ ಸಿಗುವ ಹಾಗೆ ಇಟ್ಟರು. ಪೂರ್ಣಚಂದ್ರ ತೇಜಸ್ವಿಯವರು ಕಾಡಿನ ಮಧ್ಯೆ ಕೂತು ಕಂಪ್ಯೂಟರಿನಲ್ಲಿ ಕನ್ನಡ ಸರಿಯಾಗಿ ಬರದಿದ್ದರೆ ಕನ್ನಡಕ್ಕೆ ಉಳಿಗಾಲವಿಲ್ಲ ಎಂಬ ಅರ್ಥದಲ್ಲಿ ಎಷ್ಟು ಬಡಿದುಕೊಂಡರು. ಅವರು ಹೋದದ್ದು 2007ರಲ್ಲಿ. ಆಗ ನಾವು ಅವರ ಕಾದಂಬರಿ ಓದಿದೆವು, ಈ ಮಾತನ್ನು ಕೇಳಿಸಿಕೊಳ್ಳಲಿಲ್ಲ.

ಹಾಗಾದರೆ ಏನು ಮಾಡಬೇಕು ಅಂತೀರಿ. ಸರ್ಕಾರಕ್ಕೆ ಒಂದು ಮನವಿ ಕೊಡೋಣ, ಕರಪತ್ರ ನಾನು ಪುಕ್ಕಟೆ ಹಾಕಿಕೊಡುತ್ತೇನೆ. ಪಠ್ಯಪುಸ್ತಕಗಳನ್ನು ಬರೀ ಚಿತ್ರದಂತಿರುವ ಪಿಡಿಎಫ್ ಆಗಿ ಕೊಟ್ಟರೆ ಸಾಲದು. ಯಂತ್ರ ಓದುವ, ನಾವು ಕಾಪಿ ಮಾಡಬಹುದಾದ ಯೂನಿಕೋಡ್ ಪಠ್ಯವಾಗಿ ಪ್ರತಿ ತರಗತಿಯ ಪುಸ್ತಕವನ್ನೂ ಹೊರಗೆ ಬಿಡಿ. ಸರ್ಕಾರದ ದುಡ್ಡಿನಲ್ಲಿ ಅಚ್ಚಾಗುವ ಯಾವ ಕನ್ನಡ ಪುಸ್ತಕದ ಬಿಲ್ಲು ಪಾಸಾಗಬೇಕಾದರೂ ಯೂನಿಕೋಡ್ ಫೈಲು ಜೊತೆಗೆ ಕೊಡಲೇಬೇಕು ಅನ್ನಿ. ಬಿಲ್ಲು ಅಂದರೆ ನನ್ನಂಥ ಪ್ರೆಸ್ಸಿನವರು ಮೂರು ದಿನದಲ್ಲಿ ಕಲಿಯುತ್ತೇವೆ, ಪ್ರಮಾಣ ಮಾಡಿ ಹೇಳುತ್ತೇನೆ. ಕೇಂದ್ರದವರು 2022ರಲ್ಲಿ 'ಭಾಷಿಣಿ' ಅಂತ ಮಾಡಿದ್ದಾರೆ, ಅದರಲ್ಲಿ ಭಾಷಾದಾನ ಅಂತ ಇದೆ. ಫೋನಿನಲ್ಲಿ ವಾಕ್ಯ ಓದಿ ನಿಮ್ಮ ದನಿಯನ್ನು ಕೊಡಬಹುದು. ಬರೀ ಬೆಂಗಳೂರಿನ ದನಿ ಕೊಟ್ಟರೆ ಯಂತ್ರಕ್ಕೆ ನಮ್ಮ ಯಾದಗಿರಿ ಹುಡುಗನ ಮಾತು ಅರ್ಥವಾಗುವುದಿಲ್ಲ. ಅದಕ್ಕೆ ಊರಿಗೆ ಹೋದಾಗ ಅಜ್ಜಿಯ ದನಿಯನ್ನೂ ಕೊಡಿಸಿ.

ಒಂದು ಎಚ್ಚರಿಕೆ. ಸಿಕ್ಕ ಪುಸ್ತಕವನ್ನೆಲ್ಲ ಟೈಪ್ ಮಾಡಿ ಹಾಕಬೇಡಿ. ಲೇಖಕರು ತೀರಿಕೊಂಡು 60 ವರ್ಷ ದಾಟಿದರೆ ಮಾತ್ರ ಪುಸ್ತಕ ಎಲ್ಲರದ್ದು. ಶಿವರಾಮ ಕಾರಂತರ 'ಬಾಲಪ್ರಪಂಚ' ಮಕ್ಕಳಿಗೆ ಸಿಗಬೇಕಾದ ಪುಸ್ತಕ, ನಿಜ. ಆದರೆ ಅವರು ತೀರಿಕೊಂಡದ್ದು 1997ರಲ್ಲಿ, ಹಕ್ಕುದಾರರ ಅಪ್ಪಣೆ ಬೇಕು. ಬೆಳ್ಳಾವೆ ವೆಂಕಟನಾರಣಪ್ಪನವರು ಇದೇ ಬೆಂಗಳೂರಿನಲ್ಲಿ 1918ರಲ್ಲಿ 'ವಿಜ್ಞಾನ' ಅಂತ ಕನ್ನಡ ಮಾಸಪತ್ರಿಕೆ ಹೊರಡಿಸಿದರು. ನೂರು ವರ್ಷ ಹಿಂದೆ, ಕನ್ನಡದಲ್ಲಿ ವಿಜ್ಞಾನ ಹೇಳಲಾಗುವುದಿಲ್ಲ ಅನ್ನುವವರ ಬಾಯಿ ಮುಚ್ಚಿಸಿದ ಪತ್ರಿಕೆ. ಬೆಳ್ಳಾವೆಯವರು 1943ರಲ್ಲಿ ತೀರಿಕೊಂಡರು. ಅವರು ಬರೆದದ್ದಕ್ಕೆ ಈಗ ಯಾರ ಅಪ್ಪಣೆಯೂ ಬೇಕಿಲ್ಲ. ಅಲ್ಲಿಂದ ಶುರು ಮಾಡಿದರೂ ವರ್ಷಗಟ್ಟಲೆ ಕೆಲಸ ಇದೆ.

ನಾನು ಶುರು ಮಾಡಿದ್ದೇನೆ. ಮೊದಲ ಕೆಲಸ ಆ ಮೇಷ್ಟ್ರ ಭೌತಶಾಸ್ತ್ರ. ಅವರ ಮಗಳನ್ನು ಹುಡುಕಿಕೊಂಡು ಹೋದೆ, ಹನುಮಂತನಗರದಲ್ಲಿದ್ದಾರೆ. ಇಂಟರ್‌ನೆಟ್ಟಿಗೆ ಹಾಕಲೇನಮ್ಮ ಅಂತ ಕೇಳಿದರೆ ಒಪ್ಪಿಗೆ ಬರೆದುಕೊಟ್ಟು, ಕಾಫಿ ಕೊಟ್ಟು, ಅತ್ತುಬಿಟ್ಟರು. ಹಳೇ ಫಾಂಟನ್ನು ಯೂನಿಕೋಡಿಗೆ ಬದಲಾಯಿಸುವ ಸಾಫ್ಟ್‌ವೇರ್ ಪುಕ್ಕಟೆ ಸಿಗುತ್ತದೆ. ಒಂದು ನಿಮಿಷದಲ್ಲಿ ಪುಸ್ತಕ ಬದಲಾಗುತ್ತದೆ, ಪ್ರೂಫ್ ನೋಡಲು ಮಾತ್ರ ತಿಂಗಳು ಬೇಕು. ಅರ್ಕಾವತ್ತು ಒಂದು ಅಕ್ಷರ ಆಚೆಗೆ ಹಾರಿರುತ್ತದೆ. ಲೆಕ್ಕದ ಸೂತ್ರಗಳು ಚಿಂದಿಯಾಗಿರುತ್ತವೆ. ಯಂತ್ರಕ್ಕೆ ಅದು ತಪ್ಪು ಅಂತ ಗೊತ್ತಾಗುವುದಿಲ್ಲ, ಕಣ್ಣೇ ಬೇಕು, ಕನ್ನಡ ಬಲ್ಲ ಕಣ್ಣು. ಜವದ ಪಾಠದ ಪ್ರೂಫ್ ನೋಡಿದ್ದು ನಮ್ಮ ಮಷೀನ್‌ಮನ್ ಮಗ. ಹನ್ನೊಂದು ತಪ್ಪು ನನ್ನ ಕಣ್ಣು ತಪ್ಪಿಸಿಕೊಂಡಿದ್ದವು, ಅವನು ಹಿಡಿದ. ನನ್ನ ಮಗಳು ಪಕ್ಕದಲ್ಲಿ ಕೂತು ಸೂತ್ರಗಳನ್ನು ತಿದ್ದಿದಳು. ಅವಳಿಗೆ ಈಗ ಜವ ಅಂದರೇನು ಅಂತ ಕನ್ನಡದಲ್ಲೂ ಗೊತ್ತು.

ಇನ್ನೂ ಎರಡು ಬೀರು ಬಾಕಿ ಇದೆ. ಪ್ರೆಸ್ಸು ಮೆಟ್ರೊ ನಿಲ್ದಾಣದಿಂದ ಹತ್ತು ನಿಮಿಷದ ನಡಿಗೆ. ಭಾನುವಾರ ಬೆಳಿಗ್ಗೆ ಹತ್ತರಿಂದ ಒಂದರವರೆಗೆ ಎರಡು ಕಂಪ್ಯೂಟರು ನಿಮ್ಮದು. ಲ್ಯಾಪ್‌ಟಾಪ್ ಇರುವವರು ತನ್ನಿ. ನಿಮ್ಮ ತಾತಂದಿರು, ಮೇಷ್ಟ್ರುಗಳು ಬರೆದಿಟ್ಟ ಹಳೇ ನೋಟ್ಸು, ಗೈಡು ಇದ್ದರೆ ಬರೆದವರ ಅಥವಾ ಮನೆಯವರ ಒಪ್ಪಿಗೆ ಚೀಟಿಯ ಜೊತೆ ತನ್ನಿ. ಟೈಪಿಂಗ್ ಬಾರದಿದ್ದರೆ ಕೆ.ಪಿ. ರಾವ್ ಕೀಲಿಮಣೆಯನ್ನು ನಾನೇ ಒಂದು ಗಂಟೆಯಲ್ಲಿ ಹೇಳಿಕೊಡುತ್ತೇನೆ. ಕರೆಂಟು ಹೋದರೆ ಯುಪಿಎಸ್ ಅರ್ಧ ಗಂಟೆ ತಡೆಯುತ್ತದೆ. ಟೀ ನನ್ನದು.

ಹಾಂ, ಕಾರ್ಯಕ್ರಮದ ಖಜಾಂಚಿಗಳು ಯಾರಪ್ಪ? ಆ ಕರಪತ್ರದ ದುಡ್ಡನ್ನೂ ಅವತ್ತೇ ತಂದುಬಿಡಿ.